ಜಾನುವಾರುಗಳ ಕುಡಿಯುವ ನೀರಿನ ಗುಣಮಟ್ಟ

ಜಾನುವಾರುಗಳ ಕುಡಿಯುವ ನೀರಿನ ಗುಣಮಟ್ಟ ಪರೀಕ್ಷೆ ಎಂದರೆ ದನ, ಎಮ್ಮೆ, ಕುರಿ, ಮೇಕೆ, ಕೋಳಿ ಮುಂತಾದವುಗಳಿಗೆ ಒದಗಿಸುವ ನೀರು ಅವುಗಳ ಆರೋಗ್ಯಕ್ಕೂ ಉತ್ಪಾದನೆಗೂ ತಕ್ಕುದೇ ಎಂಬುದನ್ನು ನಿರ್ಧರಿಸುವ ಕ್ರಮ. ಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರೇ ಇರುವುದರಿಂದ, ಕರೆಯುವ ಹಸು ರುಚಿ ಕೆಟ್ಟ ನೀರನ್ನು ಕಡಿಮೆ ಕುಡಿದರೆ ಹಾಲಿನ ಇಳುವರಿ ಬೇಗನೆ ತಗ್ಗುತ್ತದೆ.

ವೃಷಭಾವತಿ ಕಣಿವೆ

ಪಶ್ಚಿಮ ಬೆಂಗಳೂರಿನಲ್ಲಿ ಈ ವಿಷಯವು ವೃಷಭಾವತಿ ನದಿಯೊಂದಿಗೆ ಹೆಣೆದುಕೊಂಡಿದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂಬ ನಂಬಿಕೆಯುಳ್ಳ ಈ ನದಿಯು ನಗರದ ಪಶ್ಚಿಮ ಬಡಾವಣೆಗಳ ಕಾಲುವೆಗಳನ್ನು ಕೂಡಿಸಿಕೊಂಡು ನಾಯಂಡಹಳ್ಳಿ, ಕೆಂಗೇರಿಗಳ ಮೂಲಕ ಹರಿದು, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯೊಡನೆ ಸಂಗಮಿಸುತ್ತದೆ. ಒಳಚರಂಡಿಯ ನೀರು ಮತ್ತು ಕೈಗಾರಿಕಾ ತ್ಯಾಜ್ಯ ಸೇರಿ ನದಿಯು ಕಲುಷಿತಗೊಂಡಿದೆ. ಕೆಳಭಾಗದ ಹಳ್ಳಿಗಳಲ್ಲಿ ಇದೇ ನೀರಿನಿಂದ ಮೇವನ್ನೂ ಬೆಳೆಯುವುದರಿಂದ ಸೀಸ, ಕ್ಯಾಡ್ಮಿಯಂನಂತಹ ಲೋಹಗಳು ನೀರಿನಿಂದ ಮಾತ್ರವಲ್ಲದೆ ಹುಲ್ಲಿನಿಂದಲೂ ದನದ ಹೊಟ್ಟೆ ಸೇರಬಹುದು. ಇಂತಹ ಕಡೆ ತೊಟ್ಟಿಯ ನೀರನ್ನಷ್ಟೇ ಪರೀಕ್ಷಿಸುವುದು ಸಾಲದು.

ಮಾನದಂಡಗಳು

ಭಾರತೀಯ ಮಾನಕ ಐಎಸ್ 10500:2012 ಮನುಷ್ಯರ ಕುಡಿಯುವ ನೀರಿಗೆ ಸಂಬಂಧಿಸಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಜಲಮೂಲಗಳನ್ನು ಬಳಕೆಗೆ ಅನುಗುಣವಾಗಿ ಎ ಯಿಂದ ಇ ವರೆಗೆ ವಿಂಗಡಿಸಿದ್ದು, ಡಿ ವರ್ಗವು ವನ್ಯಜೀವಿ ಹಾಗೂ ಮೀನುಗಾರಿಕೆಗೆ ಮೀಸಲು. ಕೊಟ್ಟಿಗೆಯ ದನಕ್ಕೆ ಪ್ರತ್ಯೇಕ ವರ್ಗವಿಲ್ಲ. ಹೀಗಾಗಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1974ರ ವರದಿಯಂತಹ ಹೊರಗಿನ ಮಾರ್ಗಸೂಚಿಗಳು ಉಪಯುಕ್ತವಾಗುತ್ತವೆ. ಅದರಂತೆ ಕರಗಿದ ಒಟ್ಟು ಘನವಸ್ತು, ಅಂದರೆ ಟಿಡಿಎಸ್, ಲೀಟರಿಗೆ 1,000 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತೊಂದರೆಯಿಲ್ಲ. 3,000 ದಾಟಿದ ನೀರು ಕೋಳಿಗಳಿಗೆ ಒಳ್ಳೆಯದಲ್ಲ, 10,000 ಮೀರಿದರೆ ಯಾವ ಜಾನುವಾರಿಗೂ ಯೋಗ್ಯವಲ್ಲ.

ನೈಟ್ರೇಟ್ ಲೀಟರಿಗೆ 44 ಮಿಲಿಗ್ರಾಂವರೆಗೆ ನಿರಪಾಯಕಾರಿ. ಅದಕ್ಕೂ ಹೆಚ್ಚಾದರೆ ಮೇವಿನಲ್ಲಿರುವ ನೈಟ್ರೇಟನ್ನೂ ಕೂಡಿಸಿ ಲೆಕ್ಕಹಾಕಬೇಕು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ರಕ್ತವನ್ನು ಸೇರಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ರಕ್ತವು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ತೀವ್ರವಾದಾಗ ಪ್ರಾಣಿ ಸಾಯುತ್ತದೆ.

ಮಾದರಿ ಸಂಗ್ರಹ

ಕೊಳವೆಬಾವಿಯನ್ನು ಕೆಲವು ನಿಮಿಷ ಹರಿಯಬಿಟ್ಟ ನಂತರ ಮಾದರಿ ತೆಗೆಯಬೇಕು. ಪಾಚಿ, ಸಗಣಿ ಬೀಳುವ ತೊಟ್ಟಿಯ ನೀರನ್ನು ಬೇರೆಯಾಗಿ ಸಂಗ್ರಹಿಸಬೇಕು, ಏಕೆಂದರೆ ದನ ಕುಡಿಯುವುದು ತೊಟ್ಟಿಯಿಂದಲೇ. ಸೂಕ್ಷ್ಮಜೀವಿ ಪರೀಕ್ಷೆಗೆ ಕ್ರಿಮಿಶುದ್ಧಗೊಳಿಸಿದ ಸೀಸೆ ಬೇಕು. ಅದನ್ನು ಮಂಜುಗಡ್ಡೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಅಂಗಡಿಗಳಲ್ಲಿ ದೊರೆಯುವ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಲವಣಾಂಶವನ್ನು ಅಂದಾಜಿಸುತ್ತದೆಯೇ ಹೊರತು ಸೀಸವನ್ನಾಗಲಿ ರೋಗಾಣುಗಳನ್ನಾಗಲಿ ಪತ್ತೆಹಚ್ಚುವುದಿಲ್ಲ.