ಕಾಕಾನ ಪ್ಲಾಟು, ಇನಾಮ್ ಕಮಿಷನ್ನು ಮತ್ತು ವರ್ಷಕ್ಕೆ ಆರು ಸಾವಿರ

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದೆ. ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ಕಾಕಾ ಬಂದು ಒಂದು ಬಣ್ಣಬಣ್ಣದ ಹಾಳೆ ಕೈಗಿಟ್ಟರು.

"ಏನಪಾ ಇಂಜಿನಿಯರಾ, ಇದನ್ನೊಂದೀಟು ಓದಿ ಹೇಳು. ವರ್ಷಕ್ಕ ಆರು ಸಾವಿರ ಕೊಟ್ರ ನಮ್ಮ ಪ್ಲಾಟ್ ಯಾರೂ ನುಂಗಂಗಿಲ್ಲಂತ. ಖರೇನ?"

ಕಾಕಾ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಬಹುಪಾಲು ಹಾಕಿ ನವನಗರದ ಆಚೆ ಒಂದು ಪ್ಲಾಟ್ ತಗೊಂಡಿದ್ದಾರೆ. ಪಕ್ಕದ ಪ್ಲಾಟಿನವರು ಇರುವುದು ಪುಣೆಯಲ್ಲಿ. ಯಾರೋ ಅವರ ಹೆಸರಲ್ಲಿ ಸುಳ್ಳು ಮುಖತ್ಯಾರಪತ್ರ ಹುಟ್ಟಿಸಿ, ಆ ಜಾಗವನ್ನು ಮೂರನೆಯವರಿಗೆ ಮಾರಿಬಿಟ್ಟಿದ್ದಾರೆ. ಖರೀದಿ ಪತ್ರ ರಿಜಿಸ್ಟರೂ ಆಗಿದೆ. ಈಗ ಆ ಮನುಷ್ಯ ತಿಂಗಳಿಗೊಮ್ಮೆ ರೈಲು ಹತ್ತಿ ಕೋರ್ಟಿಗೆ ಬರುತ್ತಾರಂತೆ. ಇದನ್ನು ಕಣ್ಣಾರೆ ಕಂಡ ಮೇಲೆ ಕಾಕಾನಿಗೆ ನಿದ್ದೆ ಇಲ್ಲ. ಅದೇ ಹೊತ್ತಿಗೆ ಈ ಹಾಳೆ ಸಿಕ್ಕಿದೆ. ನಿಮ್ಮ ಆಸ್ತಿಯನ್ನು ನಾವು ಕಾಯುತ್ತೇವೆ, ನೀವು ನಿಶ್ಚಿಂತೆಯಿಂದಿರಿ ಅಂತ.

ನಾನು ನೆಟ್ಟಿನಲ್ಲಿ ಹುಡುಕುವಷ್ಟರಲ್ಲಿ ಕಾಕಾ ಇನ್ನೊಂದು ಪ್ರಶ್ನೆ ಎಸೆದರು. "ಹಂಗಾದ್ರ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಅಷ್ಟು ರೊಕ್ಕಾ ತಗೊಂಡ್ರಲ್ಲ, ಅದು ಎದಕ್ಕ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ವೀಕೆಂಡುಗಳಲ್ಲಿ ಕೂತು ಕೆದಕಿದಾಗ ಗೊತ್ತಾಗಿದ್ದೇನೆಂದರೆ, 'ದುಡ್ಡು ಕೊಡಿ, ನಿಮ್ಮ ಹಕ್ಕಿಗೆ ಭಯವಿಲ್ಲ' ಎಂಬ ಮಾತು ಧಾರವಾಡದ ಸೀಮೆಗೆ ಹೊಸದೇನಲ್ಲ. ನೂರಾ ಅರವತ್ತು ವರ್ಷದ ಹಿಂದೆಯೇ ಬಂದಿತ್ತು. ಆಗ ಆ ಮಾತು ಹೇಳಿದ್ದು ಸ್ವತಃ ಸರ್ಕಾರ! ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

1818ರಲ್ಲಿ ಪೇಶ್ವೆಯ ಆಡಳಿತ ಮುಗಿದು ನಮ್ಮ ಭಾಗ ಕಂಪನಿ ಸರ್ಕಾರದ ಕೈಗೆ ಬಂತು. ಮುಂಬೈ ಪ್ರಾಂತದವರು ಇದನ್ನು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಇಲ್ಲಿ ಊರೂರಿಗೆ ಇನಾಮು ಭೂಮಿಗಳಿದ್ದವು. ದೇವಸ್ಥಾನಕ್ಕೆ, ಮಠಕ್ಕೆ, ದರ್ಗಾಕ್ಕೆ, ದೇಸಾಯರಿಗೆ, ಭಟ್ಟರಿಗೆ ಹಿಂದಿನ ದೊರೆಗಳು ಕಂದಾಯವಿಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ ಬಿಟ್ಟುಕೊಟ್ಟಿದ್ದ ಭೂಮಿ. ಕೆಲವರ ಹತ್ತಿರ ಸನದು ಇತ್ತು. ಕೆಲವರದು ಗೆದ್ದಲು ತಿಂದಿತ್ತು. ಕೆಲವರ ಬಳಿ 'ನಮ್ಮಜ್ಜನ ಕಾಲದಿಂದ ಉಣ್ಣುತ್ತಾ ಬಂದಿದ್ದೇವೆ' ಎಂಬ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಖೊಟ್ಟಿ ಸನದುಗಳೂ ಇದ್ದವು, ಸುಳ್ಳು ಹೇಳಬಾರದು.

1843ರಲ್ಲಿ ಈ ಸೀಮೆಯಲ್ಲೇ ಇನಾಮುಗಳ ತನಿಖೆ ಶುರುವಾಯಿತು. 1852ರ 11ನೇ ಕಾಯ್ದೆ ಬಂದ ಮೇಲೆ ಇನಾಮ್ ಕಮಿಷನ್ನಿಗೆ ಪೂರ್ತಿ ಬಲ ಸಿಕ್ಕಿತು. ಇನಾಮು ನಿನ್ನದು ಅಂತ ಸಾಬೀತು ಮಾಡುವ ಭಾರ ಇನಾಮುದಾರನ ಮೇಲೆ. ಮಾಡದಿದ್ದರೆ ಭೂಮಿಗೆ ಪೂರಾ ಕಂದಾಯ. ತಲೆಮಾರುಗಳಿಂದ ಯಾರೂ ಕೇಳದಿದ್ದ ಕಾಗದವನ್ನು ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ಸಾವಿರಾರು ಮನೆತನಗಳು ಇನಾಮು ಕಳೆದುಕೊಂಡವು.

ಈ ಸಿಟ್ಟು ಒಳಗೊಳಗೇ ಕುದಿಯುತ್ತಿತ್ತು. ನರಗುಂದದ ಬಾಬಾಸಾಹೇಬನ ಬಂಡಾಯದ ಬಗ್ಗೆ ಶಾಲೆಯಲ್ಲಿ ಓದಿದ್ದೇವಲ್ಲ? ದತ್ತಕಕ್ಕೆ ಒಪ್ಪಿಗೆ ಕೊಡದಿದ್ದುದು ಅದರ ಮುಖ್ಯ ಕಾರಣ. ಆದರೆ 1858ರ ಮೇ 29ರಂದು ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್, ಅದಕ್ಕೆ ಮೊದಲು ಇದೇ ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದವನು. ಶಾಲೆಯ ಪಾಠದಲ್ಲಿ ನಮಗೆ ಇದನ್ನು ಹೇಳಿದ ನೆನಪಿಲ್ಲ.

ಬಂಡಾಯ ಅಡಗಿದ ಮೇಲೆ ಸರ್ಕಾರ ಪಾಠ ಕಲಿಯಿತು. 1863ರಲ್ಲಿ ಮುಂಬೈ ಸರ್ಕಾರ ಹೊಸ ಕಾಯ್ದೆ ತಂದು ಒಂದು ರಾಜಿ ಸೂತ್ರ ಮುಂದಿಟ್ಟಿತು. ನಿಮ್ಮ ಹಳೇ ಕಾಗದ ಕೆದಕುವುದಿಲ್ಲ. ಬದಲಿಗೆ ಆ ಭೂಮಿಯ ಕಂದಾಯದಲ್ಲಿ ನಾಲ್ಕನೇ ಒಂದು ಪಾಲನ್ನು ವರ್ಷಾ ವರ್ಷಾ ಜುಡಿಯಾಗಿ ಕಟ್ಟಿ, ಮೇಲೆ ರೂಪಾಯಿಗೆ ಒಂದಾಣೆ ನಜರಾಣೆ ಕೊಡಿ. ಇನಾಮು ನಿಮ್ಮ ವಂಶಕ್ಕೇ ಉಳಿಯುತ್ತದೆ, ಬೇಕಾದರೆ ಮಾರಿಕೊಳ್ಳಬಹುದು. ಒಪ್ಪದವರು ತನಿಖೆಗೆ ಬನ್ನಿ!

ನೋಡಿ, ಇದು ಶುದ್ಧ 'ವಾರ್ಷಿಕ ಪ್ಲಾನ್' ಅಲ್ಲವೇ? :-)

ತಮಾಷೆ ಇರಲಿ. ಈ ವ್ಯವಹಾರದಲ್ಲಿ ಒಂದು ಗಟ್ಟಿತನ ಇತ್ತು. ಹಕ್ಕನ್ನು ಕಿತ್ತುಕೊಳ್ಳುವ ಬಲ ಯಾರಿಗಿತ್ತೋ, ಅವರೇ ದುಡ್ಡು ತಗೊಂಡು ಕಿತ್ತುಕೊಳ್ಳುವುದಿಲ್ಲ ಎಂದು ಕಾಯ್ದೆಯಲ್ಲಿ ಬರೆದುಕೊಟ್ಟರು. ಹಾಗೆಯೇ ಒಂದು ಮಿತಿಯೂ ಇತ್ತು. ಇದು ಸರ್ಕಾರ ಮತ್ತು ಇನಾಮುದಾರನ ನಡುವಿನ ಮಾತು ಅಷ್ಟೇ. ನಾಳೆ ದಾಯಾದಿಯೊಬ್ಬ ಬಂದು ಅದು ನನ್ನದು ಅಂದರೆ ಜುಡಿಯ ರಶೀದಿಯಿಂದ ಉಪಯೋಗವಿರಲಿಲ್ಲ. ಅಂದರೆ ರಕ್ಷಣೆಗೆ ದುಡ್ಡು ಕೊಡುವಾಗ ಎರಡು ಪ್ರಶ್ನೆ ಕೇಳಬೇಕು. ಯಾರಿಂದ ರಕ್ಷಣೆ? ಮಾತು ತಪ್ಪಿದರೆ ನಷ್ಟ ಕಟ್ಟಿಕೊಡುವವರು ಯಾರು?

ಈಗ ಕಾಕಾನ ಪ್ರಶ್ನೆಗೆ ಬರೋಣ. ರಿಜಿಸ್ಟ್ರಿಗೆ ಕೊಟ್ಟ ದುಡ್ಡು ಎದಕ್ಕ?

1860ರ ದಶಕದಲ್ಲಿ ಬೆಳೆದ ನೋಂದಣಿ ಪದ್ಧತಿಗೆ ಈಗಿನ ರೂಪ ಬಂದಿದ್ದು 1908ರ ನೋಂದಣಿ ಕಾಯ್ದೆಯಿಂದ. ಆ ಕಾಯ್ದೆ ನೋಂದಾಯಿಸುವುದು ಕಾಗದವನ್ನು, ಹಕ್ಕನ್ನಲ್ಲ. ಸಬ್ ರಿಜಿಸ್ಟ್ರಾರ್ ನೋಡುವುದು ಇಷ್ಟು: ಎದುರಿಗೆ ಬಂದವನು ತಾನೇ ಸಹಿ ಮಾಡಿದ್ದೇನೆ ಅಂತ ಒಪ್ಪುತ್ತಾನಾ, ಗುರುತಿದೆಯಾ, ಶುಲ್ಕ ಕಟ್ಟಿದ್ದಾನಾ. ಆ ಆಸ್ತಿ ನಿಜವಾಗಿ ಅವನದೇನಾ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. 2025ರಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೋಂದಣಿ ಕಚೇರಿ ಒಂದು ಲಾಗ್ ಫೈಲ್. ಬಂದದ್ದೆಲ್ಲ ಸಾಲಾಗಿ ಬರೆದುಕೊಳ್ಳುತ್ತದೆ, ಹಿಂದಿನ ಸಾಲಿಗೆ ತಾಳೆಯಾಗುತ್ತದೆಯೇ ಅಂತ ನೋಡಲು ಅದನ್ನು ಕಟ್ಟಿಲ್ಲ.

ಹೊಲದ ಉತಾರದ ಕಥೆಯೂ ಹೆಚ್ಚುಕಮ್ಮಿ ಇದೇ. ಮುಂಬೈ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾಯಿತು. ಈಗ ನಮಗೆ ಅನ್ವಯಿಸುವ 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುವುದೂ ಇಷ್ಟೇ: ತಪ್ಪೆಂದು ತೋರಿಸುವವರೆಗೆ ದಾಖಲೆ ಸರಿ ಎಂದು ಭಾವಿಸಬೇಕು. 'ಭಾವಿಸಬೇಕು', ಅಷ್ಟೇ. ಹುಬ್ಬಳ್ಳಿ-ಧಾರವಾಡದ ಹಳೇ ಓಣಿಗಳಲ್ಲಿ ಇವತ್ತಿಗೂ ನಡೆಯುವ ಸಿಟಿಎಸ್ ನಂಬರು, ಪ್ರಾಪರ್ಟಿ ಕಾರ್ಡು ಕೂಡ ಮುಂಬೈ ಪದ್ಧತಿಯ ಬಳುವಳಿ.

ಇದಕ್ಕೆ ಬೇರೆ ದಾರಿ ಇರಲಿಲ್ಲವೇ? ಇತ್ತು. 1858ರಲ್ಲಿ, ಅಂದರೆ ನರಗುಂದ ಹೊತ್ತಿ ಉರಿದ ವರ್ಷವೇ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಎಂಬವರು ಹೊಸ ಕಾಯ್ದೆ ತಂದರು. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ. ಪುಸ್ತಕದ ತಪ್ಪಿನಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಲು ಒಂದು ನಿಧಿ. ಅಮೆರಿಕದ ಬಹುಪಾಲು ಊರುಗಳು ನಮ್ಮ ಹಾಗೆ ಲಾಗ್ ಫೈಲಿನಲ್ಲೇ ಉಳಿದವು. ಅದಕ್ಕೇ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಟೈಟಲ್ ಇನ್ಶೂರೆನ್ಸ್ ಕಂಪನಿ ಹುಟ್ಟಿತು. ಹಕ್ಕಿನಲ್ಲಿ ಹಳೇ ದೋಷ ಹೊರಬಿದ್ದರೆ ಅದು ನಷ್ಟ ತುಂಬಿಕೊಡುತ್ತದೆ.

ಭಾರತಕ್ಕೂ ಸರ್ಕಾರದ ಖಾತ್ರಿ ಬೇಕೆಂದು ಡಿ.ಸಿ. ವಾಧ್ವಾ ಅವರು ಯೋಜನಾ ಆಯೋಗಕ್ಕೆ ವರದಿ ಕೊಟ್ಟಿದ್ದು 1989ರಲ್ಲಿ. ಆಮೇಲೆ ಮಸೂದೆಗಳ ಕರಡುಗಳು ಬಂದವು, ಹೋದವು. 2016ರ ರೇರಾ ಕಾಯ್ದೆಯ 16ನೇ ಕಲಂ ಬಿಲ್ಡರುಗಳು ಹಕ್ಕಿನ ವಿಮೆ ಮಾಡಿಸುವ ಬಗ್ಗೆ ಮಾತಾಡುತ್ತದೆ, ಅದೂ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ.

ಹಾಗಂತ ನಮ್ಮಲ್ಲಿ ಏನೂ ಆಗಿಲ್ಲ ಅಂತಲ್ಲ. ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಿತು, ಕಾವೇರಿ ತಂತ್ರಾಂಶ ನೋಂದಣಿಯನ್ನು ತಂದಿತು. 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರ, ಅಂದರೆ ನಾವೆಲ್ಲ ಇ.ಸಿ. ಅನ್ನುವುದು, ಮನೆಯಲ್ಲೇ ಕೂತು ಅಲ್ಪ ಶುಲ್ಕಕ್ಕೆ ಸಿಗುತ್ತದೆ. 2024ರಿಂದ ಇ-ಖಾತಾ ಇಲ್ಲದೆ ನಿವೇಶನ ನೋಂದಣಿ ಆಗುವುದಿಲ್ಲ. ಖೊಟ್ಟಿ ದಸ್ತಾವೇಜನ್ನು ಜಿಲ್ಲಾ ನೋಂದಣಾಧಿಕಾರಿಯೇ ರದ್ದು ಮಾಡಬಹುದಾದ ತಿದ್ದುಪಡಿಯನ್ನು ವಿಧಾನಮಂಡಲ 2023ರಲ್ಲಿ ಒಪ್ಪಿತು, ಮರುವರ್ಷ ರಾಷ್ಟ್ರಪತಿಗಳ ಅಂಕಿತ ಬಿತ್ತು. ಲಾಗ್ ಫೈಲು ನಿಧಾನಕ್ಕೆ ಡೇಟಾಬೇಸ್ ಆಗುತ್ತಿದೆ ಅನ್ನಬಹುದು.

ಇಷ್ಟೆಲ್ಲ ಓದಿಕೊಂಡು ಕಾಕಾನಿಗೆ ಫೋನ್ ಮಾಡಿದೆ. ಆ ಹಾಳೆಯ ಹಿಂದಿನ ಸಣ್ಣಕ್ಷರ ಓದಿ ಹೇಳ್ರಿ ಅಂದೆ. ಕನ್ನಡಕ ಹುಡುಕಿ, ಅಕ್ಷರ ಅಕ್ಷರ ಕೂಡಿಸಿ ಓದಿದರು. ಕಂಪನಿ ಮಾಡುವುದು ಇಷ್ಟು: ವರ್ಷಕ್ಕೆರಡು ಸಲ ಇ.ಸಿ. ತೆಗೆಸುವುದು, ಪ್ಲಾಟಿನ ಫೋಟೋ ಕಳಿಸುವುದು. ಮೋಸ ಆದರೆ ನಷ್ಟ ತುಂಬಿಕೊಡುತ್ತೇವೆ ಎಂಬ ಮಾತು ಎಲ್ಲೂ ಇಲ್ಲ. ಇದು ವಿಮೆಯೂ ಅಲ್ಲ, ಜುಡಿಯೂ ಅಲ್ಲ. ಅವರ ಕೈಯಲ್ಲಿ ರಿಜಿಸ್ಟರೂ ಇಲ್ಲ, ಯಾರನ್ನೂ ತಡೆಯುವ ಅಧಿಕಾರವೂ ಇಲ್ಲ. ಪುಣೆಯಲ್ಲೋ ಅಮೆರಿಕದಲ್ಲೋ ಇದ್ದು, ಊರಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದವರಿಗೆ ಆ ಫೋಟೋ ಉಪಯೋಗಕ್ಕೆ ಬರಬಹುದು. ಆದರೆ ಅದು ಕಾವಲುಗಾರನ ಸಂಬಳ, ಹಕ್ಕಿನ ರಕ್ಷಣೆಯಲ್ಲ. ಅಮೆರಿಕದಲ್ಲೂ ಇಂಥ 'ಟೈಟಲ್ ಲಾಕ್' ಸೇವೆಗಳು ಬೀಗವೇ ಅಲ್ಲ ಎಂದು ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಎಚ್ಚರಿಸಿದೆ.

"ಹಂಗಾದ್ರ ನಾ ಏನ್ ಮಾಡ್ಲಿ?" ಅಂದರು. ನಾನು ಹೇಳಿದ್ದು ಇಷ್ಟು:

- ವರ್ಷಕ್ಕೆರಡು ಸಲ ಇ.ಸಿ. ನಾವೇ ತೆಗೆಯೋಣ. ಅದು ನನ್ನ ಜವಾಬ್ದಾರಿ. ಆದರೆ ಅದರಲ್ಲಿ ಕಾಣುವುದು ರಿಜಿಸ್ಟರ್ ಆದದ್ದು ಮಾತ್ರ, ಕೋರ್ಟ್ ಕೇಸು, ಬಾಯಿಮಾತಿನ ಕರಾರು ಕಾಣುವುದಿಲ್ಲ ಅನ್ನುವುದು ನೆನಪಿರಲಿ.
- ಇ-ಖಾತಾ ನಿಮ್ಮ ಹೆಸರಿಗೇ ಇರಲಿ. ತೆರಿಗೆ ಪಾವತಿ ಒಂದು ವರ್ಷವೂ ತಪ್ಪಬಾರದು.
- ಪ್ಲಾಟಿಗೆ ತಂತಿಬೇಲಿ, ಹೆಸರಿನ ಫಲಕ. ಬೇರೆಯವರು 12 ವರ್ಷ ನಿಮ್ಮ ಹಕ್ಕನ್ನು ಧಿಕ್ಕರಿಸಿ ಕೂತರೆ ಕಾಯ್ದೆ ಅವರ ಕಡೆ ವಾಲಬಹುದು.
- ಮೂಲ ಕಾಗದ ಯಾರ ಕೈಗೂ ಬೇಡ.
- ಏನಾದರೂ ಹೊರಬಿದ್ದರೆ ಅದೇ ದಿನ ಪೊಲೀಸು, ಜಿಲ್ಲಾ ನೋಂದಣಾಧಿಕಾರಿ, ವಕೀಲರು. ಪತ್ರ ರದ್ದು ಮಾಡಿಸುವ ದಾವೆಗೆ ಗೊತ್ತಾದಾಗಿನಿಂದ 3 ವರ್ಷ ಮಾತ್ರ ಅವಧಿ.

ಅಲ್ಲದವನು ಮಾರಿದರೆ ಒಡೆಯನ ಹಕ್ಕು ಸುಮ್ಮನೆ ಹೋಗಿಬಿಡುವುದಿಲ್ಲ, ಅದು ಕಾಯ್ದೆಯ ಮೂಲ ಮಾತು. ಹೋಗುವುದು ವರ್ಷಗಳು, ಬಸ್ಸು-ರೈಲಿನ ಖರ್ಚು, ನೆಮ್ಮದಿ. ಬೇಗ ಗೊತ್ತಾದಷ್ಟೂ ಅದು ಕಡಿಮೆ. ಇಂಗ್ಲೆಂಡಿನ ಭೂ ನೋಂದಣಿ ಕಚೇರಿ 2014ರಿಂದ ಇದನ್ನು ಪುಕ್ಕಟೆ ಮಾಡುತ್ತಿದೆ. ಹೆಸರು ಕೊಟ್ಟಿಟ್ಟರೆ, ನಿಮ್ಮ ಮನೆಯ ದಾಖಲೆಯಲ್ಲಿ ಯಾರಾದರೂ ಕೈಯಾಡಿಸಿದಾಗ ಮಿಂಚಂಚೆ ಬರುತ್ತದೆ. ಮಾಹಿತಿ ಇರುವುದು ಸರ್ಕಾರದ ಸರ್ವರಿನಲ್ಲಿ, ಶುಲ್ಕ ನಾವಾಗಲೇ ಕಟ್ಟಿದ್ದೇವೆ. ಅಂಥ ಒಂದು ಸಂದೇಶ ದುಡ್ಡಿದ್ದವರಿಗೆ ಮಾತ್ರ ಸಿಗುವ ಸವಲತ್ತು ಆಗಬಾರದು. ಸಾಫ್ಟ್‌ವೇರ್ ಬರೆದು ಬದುಕುವವನಾಗಿ ಹೇಳುತ್ತೇನೆ, ಇದು ಕಷ್ಟದ ಕೆಲಸವೇ ಅಲ್ಲ.

ಕಾಕಾ ಆರು ಸಾವಿರ ಕೊಡಲಿಲ್ಲ. ಬೇಲಿ ಹಾಕಿಸಿದ್ದಾರೆ, ಹಳದಿ ಫಲಕದ ಮೇಲೆ ದೊಡ್ಡದಾಗಿ ಹೆಸರು ಬರೆಸಿದ್ದಾರೆ. ಪುಣೆಯವರಿಗೂ ಫೋನ್ ಮಾಡಿ, ನಿಮ್ಮ ಜಾಗಕ್ಕೂ ಒಂದು ಕಣ್ಣಿಟ್ಟಿರ್ತೀನ್ರಿ ಅಂದರಂತೆ.

ಕೊನೆಗೊಂದು ಮಾತು, ಸ್ನೇಹಿತರೇ. ನಮ್ಮಲ್ಲಿ ಬಹಳ ಜನ ಊರು ಬಿಟ್ಟು ಬಂದವರು. ಅಪ್ಪ-ಅಮ್ಮನ ಮನೆಯ ಇ.ಸಿ.ಯನ್ನು ಕೊನೆಯ ಸಲ ಯಾವಾಗ ನೋಡಿದಿರಿ? ನಾನಂತೂ ನಮ್ಮ ಮನೆಯದನ್ನು ಮೊದಲ ಸಲ ನೋಡಿದ್ದು ಕಳೆದ ತಿಂಗಳು. ನೀವೂ ಈ ಭಾನುವಾರ ಒಂದರ್ಧ ಗಂಟೆ ಕೊಡಿ.