ಗುಡುಗುಡಿ

ಗುಡುಗುಡಿ ಎಂದರೆ ಹೊಗೆಸೊಪ್ಪಿನ ಹೊಗೆಯನ್ನು ನೀರಿನೊಳಗೆ ಹಾಯಿಸಿ ಕೊಳವೆಯಿಂದ ಸೇದುವ ಸಾಧನ. ಹುಕ್ಕಾ ಎಂದೂ ಕರೆಯುತ್ತಾರೆ. ಮೇಲೆ ಕೆಂಡ, ಹೊಗೆಸೊಪ್ಪು ಹಿಡಿಯುವ ಮಣ್ಣಿನ ಚಿಲುಮೆ, ಕೆಳಗೆ ನೀರಿನ ಬುರುಡೆ, ನಡುವೆ ನಳಿಗೆ, ಬದಿಯಿಂದ ಬಾಯಿಗೆ ಬರುವ ಕೊಳವೆ, ಇಷ್ಟೇ ಇದರ ಕಟ್ಟು. ಬಡವರಿಗೆ ತೆಂಗಿನ ಕರಟವೇ ಬುರುಡೆಯಾಗುತ್ತಿತ್ತು. ಉಳ್ಳವರು ಕಸಬುದಾರನಿಗೆ ಹೇಳಿ ತಮ್ಮ ಅಂತಸ್ತಿಗೆ ತಕ್ಕಂತೆ ಮಾಡಿಸಿಕೊಳ್ಳುತ್ತಿದ್ದರು.

ಹೀಗೆ ಹೇಳಿ ಮಾಡಿಸಿದ ಧೂಮಪಾನದ ಕೊಳವೆಯೊಂದರ ಅತ್ಯಂತ ವಿವರವಾದ ಹಳೆಯ ದಾಖಲೆಗೆ ಬಿಜಾಪುರದ ನಂಟಿದೆ. ಅಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಮಗಳನ್ನು ತನ್ನ ಮಗ ದಾನಿಯಾಲನಿಗೆ ತಂದುಕೊಳ್ಳುವ ಮಾತುಕತೆಗಾಗಿ ಅಕ್ಬರ್ ಬಾದಶಹ ಅಸದ್ ಬೇಗ್ ಎಂಬ ರಾಯಭಾರಿಯನ್ನು ಅಲ್ಲಿಗೆ ಕಳಿಸಿದ್ದ. ಅಸದ್ ಬೇಗ್ ಹೊಗೆಸೊಪ್ಪನ್ನು ಮೊದಲು ಕಂಡದ್ದು ಆ ಊರಿನಲ್ಲಿ. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಈ ಅಮೆರಿಕದ ಎಲೆ ದಖ್ಖನಿನಲ್ಲಿ ಆಗಲೇ ಬಳಕೆಗೆ ಬಿದ್ದಿತ್ತು. ಆಗ್ರಾದ ಆಸ್ಥಾನಕ್ಕೆ ಇನ್ನೂ ಹೊಸದು. ಸ್ವಲ್ಪ ಎಲೆಯನ್ನು ಜೊತೆಗೆ ಒಯ್ದ ಅಸದ್ ಬೇಗ್, ಅದನ್ನು ಬರಿದೇ ಒಪ್ಪಿಸಲಿಲ್ಲ. ಸುಮಾತ್ರಾದ ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ, ತುಟಿಗೆ ತಾಗುವಲ್ಲಿ ಯೆಮೆನ್ ದೇಶದ ಮೊಟ್ಟೆಯಾಕಾರದ ಕೆಂಪು ಅಕೀಕು ಕಲ್ಲು, ಹೊತ್ತಿಸಲು ಚಿನ್ನದ ಪಾತ್ರೆ. ಕೊಳವೆಯನ್ನಿಡಲು ಬೆಳ್ಳಿಯ ಒರೆ ಮಾಡಿಸಿ, ಅದಕ್ಕೆ ನೇರಳೆ ಮಖಮಲ್ಲು ಹೊದಿಸಿದ. ಆದಿಲ್ ಶಾಹ ಕೊಟ್ಟಿದ್ದ ಎಲೆಅಡಿಕೆಯ ಸಂಚಿಯೊಳಗೆ ಹೊಗೆಸೊಪ್ಪು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಬಾದಶಹನ ಮುಂದಿಟ್ಟ. ಅಕ್ಬರ್ ತೀರಿಕೊಂಡದ್ದು 1605ರ ಅಕ್ಟೋಬರಿನಲ್ಲಿ. ಈ ಪ್ರಸಂಗ ಅದಕ್ಕೆ ಸ್ವಲ್ಪ ಮುಂಚಿನದು.

ಹಕೀಮರು ಬೇಡವೆಂದರೂ ಬಾದಶಹ ಎರಡು ಮೂರು ದಮ್ಮು ಎಳೆದ. ಚಟವಾಗಿ ಹಿಡಿಯಲಿಲ್ಲ. ಆದರೆ ಸುತ್ತಲಿದ್ದ ಅಮೀರರಿಗೆ ಆಸೆ ಹತ್ತಿತು, ವ್ಯಾಪಾರಿಗಳು ಸರಕು ತರಿಸತೊಡಗಿದರು. 1617ರಲ್ಲಿ ಜಹಾಂಗೀರ್ ಹೊರಡಿಸಿದ ನಿಷೇಧ ಯಾರನ್ನೂ ತಡೆದಂತೆ ಕಾಣುವುದಿಲ್ಲ. ಅಸದ್ ಬೇಗನ ವರ್ಣನೆಯಲ್ಲಿ ನೀರಿನ ಬುರುಡೆಯ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು: ಅವನದು ಒಣ ಕೊಳವೆ. ಗುಡುಗುಟ್ಟುವ ಬುರುಡೆ ಚಿತ್ರಗಳಲ್ಲೂ ವಸ್ತುಸಂಗ್ರಹಗಳಲ್ಲೂ ಕಾಣುವುದು ನಂತರ.

ಆ ಬುರುಡೆಯನ್ನು ಕಲೆಯಾಗಿಸಿದವರು ಬೀದರಿನ ಕುಶಲಕರ್ಮಿಗಳು. ಬಿದರಿ ಸಾಮಾನಿನ ಮೂಲಲೋಹ ಬಹುಪಾಲು ಸತುವು. ಸುಮಾರು ಹದಿನಾರು ಪಾಲಿಗೆ ಒಂದು ಪಾಲು ತಾಮ್ರ. ಸತುವು 420 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವುದರಿಂದ ಮನೆಯ ಕುಲುಮೆಯೇ ಸಾಕು. ಎರಕ ಹೊಯ್ದ ಬುರುಡೆಯನ್ನು ಅರದಿಂದ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಬಿಳಿಗೆರೆಯಲ್ಲಿ ಬಳ್ಳಿ, ಹೂವು ಮೂಡುತ್ತವೆ. ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನು ಸಣ್ಣ ಸುತ್ತಿಗೆಯಲ್ಲಿ ಬಡಿದು ಕೂರಿಸುವ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಹೂವಿನ ಎಸಳಿಗೆ ತೆಳು ತಗಡು ಕತ್ತರಿಸಿ ಕೂರಿಸಿದರೆ ತಹನಿಶಾನ್.

ತಾತ್ಕಾಲಿಕ ಕಪ್ಪನ್ನು ಉಜ್ಜಿ ತೆಗೆದ ಈ ಹಂತದಲ್ಲಿ ನೋಡಿದರೆ ಎಲ್ಲವೂ ಬೂದುಬೂದು. ಬೆಳ್ಳಿ ಯಾವುದು, ಸತುವು ಯಾವುದು ಗೊತ್ತಾಗದು. ಬೀದರ್ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಬಿಸಿ ಬುರುಡೆಯನ್ನು ಉಜ್ಜಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಯಾವ ಮಣ್ಣು ಕೆಲಸಕ್ಕೆ ಬಂದೀತೆಂದು ಕಸಬುದಾರರು ನಾಲಿಗೆಗಿಟ್ಟು ಪರೀಕ್ಷಿಸುತ್ತಾರೆ. ಕೊನೆಯಲ್ಲಿ ಎಣ್ಣೆ ಸವರಿದರೆ ಮುಗಿಯಿತು.

ಹದಿನೇಳನೆಯ ಶತಮಾನದ ಬುರುಡೆಗಳು ಗುಂಡಗಿದ್ದವು. ಉರುಳದಂತೆ ನಿಲ್ಲಿಸಲು ಸಿಂಬೆ ಬೇಕಿತ್ತು. ಹದಿನೆಂಟನೆಯ ಶತಮಾನದಲ್ಲಿ ತಳ ಅಗಲವಾದ ಗಂಟೆಯಾಕಾರ ಚಾಲ್ತಿಗೆ ಬಂತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಗಳಲ್ಲಿ ಇವು ಈಗ ಗಾಜಿನ ಹಿಂದಿವೆ. ಸೇದಿದವರ ಹೆಸರು ಮರೆತುಹೋಗಿರುವುದು ಸಹಜ. ಮಾಡಿದವರ ಹೆಸರೂ ಬಹುಪಾಲು ಉಳಿದಿಲ್ಲದಿರುವುದು ಅನ್ಯಾಯ.

ಬಿಜಾಪುರ, ಬೀದರಿನ ಕಡೆಯಂತೆ ಶಿವಮೊಗ್ಗದ ಸೀಮೆಯಲ್ಲಿ ಗುಡುಗುಡಿ ಅಷ್ಟಾಗಿ ಬೇರೂರಲಿಲ್ಲ. ಅಡಿಕೆಯ ನಾಡಾದ್ದರಿಂದ ಇಲ್ಲಿ ಹೊಗೆಸೊಪ್ಪು ಹೊಗೆಯಾಗುವುದಕ್ಕಿಂತ ಕವಳವಾಗಿ ಬಾಯಿಗೆ ಹೋದದ್ದೇ ಹೆಚ್ಚು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಗೆ ದರ್ಜೆ ಕಟ್ಟುವ ಮಾರುಕಟ್ಟೆಯ ಊರಿನಲ್ಲಿ ಚಿಲುಮೆಗೆ ಕೆಂಡ ಹುಡುಕುವ ತಾಳ್ಮೆ ಯಾರಿಗಿದ್ದೀತು? ಜಿಲ್ಲೆಯ ಹೇಳಿ ಮಾಡಿಸುವ ಕುಸುರಿಗೆ ಬೇರೆ ದಾರಿಯಿತ್ತು: ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಕರಡಿಗೆ, ವಿಗ್ರಹ ಕೆತ್ತಿದರು, ಮದುವೆಗೆ ಬೆಂಡಿನ ಬಾಸಿಂಗ ಕಟ್ಟಿದರು. ಕನ್ನಡದ ಮಾತಿನಲ್ಲಿ ಗುಡುಗುಡಿ ಗಟ್ಟಿಯಾಗಿ ನಿಂತದ್ದು ಶಿಶುನಾಳ ಷರೀಫರಿಂದ (1819–1889). ಅವರು ಅದನ್ನೇ ರೂಪಕವಾಗಿಸಿ ತತ್ತ್ವಪದ ಹಾಡಿದ್ದಾರೆ.

ನೀರು ಹೊಗೆಯನ್ನು ಶುದ್ಧಮಾಡುತ್ತದೆ ಎಂಬ ಹಳೆಯ ನಂಬಿಕೆ ಸುಳ್ಳು. ನೀರು ಹೊಗೆಯನ್ನು ತಣ್ಣಗಾಗಿಸುತ್ತದೆ, ಹಾಗಾಗಿ ಹೆಚ್ಚು ಹೊತ್ತು, ಆಳವಾಗಿ ಸೇದಲು ಸಾಧ್ಯವಾಗುತ್ತದೆ. ನಿಕೋಟಿನ್, ಇಂಗಾಲದ ಮಾನಾಕ್ಸೈಡ್, ಕ್ಯಾನ್ಸರ್‌ಕಾರಕ ವಸ್ತುಗಳು ಶ್ವಾಸಕೋಶ ಸೇರುತ್ತಲೇ ಇರುತ್ತವೆ. ಒಂದೇ ಬೈಠಕ್ಕಿನಲ್ಲಿ ನೂರು ಸಿಗರೇಟಿನಷ್ಟು ಹೊಗೆ ಒಳಹೋಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ ಹುಕ್ಕಾ ಮಾರಾಟ, ಸೇವನೆಯನ್ನು ನಿಷೇಧಿಸಿತು.

ಕಸಬುದಾರರಿಗೆ ಈ ನಿಷೇಧದ ಬಿಸಿ ಹೆಚ್ಚೇನೂ ತಟ್ಟಲಿಲ್ಲ. ನವಾಬರೂ ಜಹಗೀರುದಾರರೂ ಹೋದಮೇಲೆ ಬೀದರಿನ ಕಾರ್ಖಾನೆಗಳು ಹೂದಾನಿ, ಆಭರಣದ ಪೆಟ್ಟಿಗೆ, ಬಳೆ, ತಟ್ಟೆಗಳಿಗೆ ಹೊರಳಿದ್ದವು. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅಲ್ಲಿನ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.