ಸೂಲಗಿತ್ತಿ

ಸಂತೆಯಲ್ಲಿ ಎಮ್ಮೆ ಕೊಳ್ಳುವವರು ಇಂದಿಗೂ ಕೇಳುವುದುಂಟು: ‘ಇದು ಎಷ್ಟನೇ ಸೂಲು?’ ಸೂಲು ಎಂದರೆ ಹೆರಿಗೆ, ಈಯುವುದು. ತಮಿಳಿನಲ್ಲಿ ‘ಸೂಲ್’, ತೆಲುಗಿನಲ್ಲಿ ‘ಚೂಲು’ ಎಂದರೆ ಬಸಿರು. ಕನ್ನಡ ಮಾತ್ರ ಹೆರುವ ಗಳಿಗೆಯನ್ನು ಹಿಡಿದುಕೊಂಡಿದೆ. ಮದುವಣಗಿತ್ತಿ, ಹೂವಾಡಗಿತ್ತಿಗಳಲ್ಲಿರುವ ಹೆಣ್ಣುಸೂಚಕ ‘ಗಿತ್ತಿ’ ಸೇರಿ ಸೂಲಗಿತ್ತಿ ಆಯಿತು. ಅಚ್ಚ ದ್ರಾವಿಡ ಪದ. ‘ಪ್ರಸೂತಿ’ ಸಂಸ್ಕೃತದ್ದು, ಸದ್ದು ಹತ್ತಿರ, ನಂಟಿಲ್ಲ.

ಪಾವಗಡದ ನರಸಮ್ಮನವರಿಗೆ ಈ ಪದ ಹೆಸರಿನ ಮುಂದಿನ ಬಿರುದೇ ಆಗಿತ್ತು. ಕೂಲಿ ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ವಿದ್ಯೆ ಅಜ್ಜಿಯಿಂದ ಬಂದದ್ದು, ಕಾಗದದ್ದಲ್ಲ.

ಈಗ ಕಾಗದವೂ ಬೇಕು. ನಮ್ಮೂರ ‘ನರ್ಸಮ್ಮ’ ಸಾಮಾನ್ಯವಾಗಿ ಎರಡು ವರ್ಷದ ಎಎನ್‌ಎಂ ಓದಿದವರು. ಆಸ್ಪತ್ರೆಯ ಶುಶ್ರೂಷಕಿ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿದವರು. ಇದರ ಮೇಲೆ ಹದಿನೆಂಟು ತಿಂಗಳು ಹೆರಿಗೆಯನ್ನೇ ಕಲಿತವರನ್ನು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಎನ್ನುತ್ತದೆ. ಬಾಯಿ ತಿರುಗದ ಹೆಸರು! ‘ಸೂಲಗಿತ್ತಿ’ ಎಂದೇ ಕರೆದಿದ್ದರೆ ಏನು ಕಡಿಮೆಯಾಗುತ್ತಿತ್ತೋ. ‘ದಾಯಿ’, ‘ಆಯಾ’ ಎಂಬುವು ಮಾತ್ರ ಯಾವ ಓದನ್ನೂ ಸೂಚಿಸುವುದಿಲ್ಲ.

ಆದ್ದರಿಂದ ಹೆರಿಗೆಗೆ ಯಾರನ್ನಾದರೂ ಗೊತ್ತುಮಾಡುವ ಮೊದಲು ಎರಡು ಮಾತು ಕೇಳಿ: ಏನು ಓದಿದ್ದೀರಿ, ರಾಜ್ಯ ಶುಶ್ರೂಷಾ ಪರಿಷತ್ತಿನ ನಿಮ್ಮ ನೋಂದಣಿ ಸಂಖ್ಯೆ ಯಾವುದು?